ಹಾವು ಕಡಿತದ ಲೆಕ್ಕ ಶುರುವಾಯಿತು, ನರ್ಸ್‌-ಆಶಾಗಳ ಲೆಕ್ಕ ಯಾವಾಗ?

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ಕೇಸ್ ಬಂದರೆ ಇಲಾಖೆಗೆ ತಿಳಿಸಲೇಬೇಕು. ಮರುತಿಂಗಳು ಕೇಂದ್ರ ಸರ್ಕಾರ 2030ರ ಹೊತ್ತಿಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು. ವರ್ಷದ ಕೊನೆಗೆ, ನವೆಂಬರ್‌ನಲ್ಲಿ, ಉಳಿದ ರಾಜ್ಯಗಳೂ ಇದನ್ನೇ ಮಾಡಲಿ ಅಂತ ಪತ್ರ ಬರೆಯಿತು. ಅಂದರೆ ಈ ವಿಷಯದಲ್ಲಿ ನಮ್ಮ ರಾಜ್ಯ ದಿಲ್ಲಿಗಿಂತ ಒಂದು ಹೆಜ್ಜೆ ಮುಂದಿತ್ತು. ಒಳ್ಳೆಯ ನಿರ್ಧಾರ, ಅದರಲ್ಲಿ ಎರಡು ಮಾತಿಲ್ಲ.

ಲೆಕ್ಕ ಯಾಕೆ ಬೇಕಿತ್ತು ಅನ್ನುವುದಕ್ಕೆ 'ಮಿಲಿಯನ್ ಡೆತ್ ಸ್ಟಡಿ' ಉತ್ತರ ಕೊಡುತ್ತದೆ. ಸಾವು ನಡೆದ ಮನೆಗಳಿಗೆ ಹೋಗಿ, ಮನೆಯವರನ್ನು ಮಾತಾಡಿಸಿ, ಆ ವಿವರಗಳನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ ಓದಿ ಸಾವಿನ ಕಾರಣ ಗುರುತಿಸಿದ ಅಧ್ಯಯನ ಅದು. ಅದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಸರ್ಕಾರಿ ಆಸ್ಪತ್ರೆಗಳ ರಿಜಿಸ್ಟರ್‌ಗಳಲ್ಲಿ ಕಾಣುತ್ತಿದ್ದದ್ದು ಇದರ ಒಂದು ಚೂರು ಮಾತ್ರ. ಇದೇ ಅಧ್ಯಯನದ 2011ರ ವರದಿ ಹೇಳಿದ ಇನ್ನೊಂದಿಷ್ಟು ಸಂಗತಿಗಳಿವೆ: ಸತ್ತವರಲ್ಲಿ 97% ಹಳ್ಳಿಯವರು, ಕಾಲುಭಾಗದಷ್ಟು ಮಂದಿ 15ರಿಂದ 29 ವಯಸ್ಸಿನವರು, ಮುಕ್ಕಾಲು ಪಾಲು ಸಾವುಗಳು ನಡೆದದ್ದು ಆಸ್ಪತ್ರೆಯ ಹೊರಗೆ.

ಈ ಕೊನೆಯ ಸಂಖ್ಯೆಯ ಬಗ್ಗೆಯೇ ನನ್ನ ತಕರಾರು. ಆಸ್ಪತ್ರೆಗೆ ಬಂದ ಕೇಸನ್ನು ಎಣಿಸುವ ನಿಯಮ, ಆಸ್ಪತ್ರೆ ಮುಟ್ಟದೆ ಸತ್ತವರನ್ನು ಎಣಿಸುವುದಿಲ್ಲ. ಉಳಿಸುವುದಂತೂ ಇಲ್ಲವೇ ಇಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಒಂದು ಲೈನ್ ಕೆಟ್ಟರೆ ಮೊದಲು ನೋಡಬೇಕಾದದ್ದು ಎಲ್ಲಿ ಕಟ್ಟಿಕೊಂಡಿದೆ ಅಂತ. ಹಾವು ಕಡಿದ ಗಳಿಗೆಯಿಂದ ಮೊದಲ ವಯಲ್ ಪ್ರತಿವಿಷ ಮೈಗೆ ಸೇರುವವರೆಗಿನ ದಾರಿಯನ್ನು ಹಾಗೆ ನೋಡಿ. ಗದ್ದೆಯ ಬದು, ಪಕ್ಕದ ಮನೆಯವರ ಬೈಕ್, ನಡುವೆ ನಾಟಿ ವೈದ್ಯರ ಮನೆ, ಆಮೇಲೆ ಪಿಎಚ್‌ಸಿ, ಅಲ್ಲಿಂದ 108, ತಾಲ್ಲೂಕು ಆಸ್ಪತ್ರೆ, ಕೊನೆಗೆ ಜಿಲ್ಲಾಸ್ಪತ್ರೆ. ಈ ದಾರಿಯ ಮೊದಲ ಅರ್ಧದಲ್ಲಿ ಸಿಗುವವರು ಯಾರು? ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಎಚ್‌ಒ, ರಾತ್ರಿ ಪಾಳಿಯ ಸ್ಟಾಫ್ ನರ್ಸ್, ಆಂಬುಲೆನ್ಸ್‌ನ ಇಎಂಟಿ. ಡಾಕ್ಟರ್ ಸಾಮಾನ್ಯವಾಗಿ ಇವರೆಲ್ಲರ ನಂತರ.

ಒಂದು ಉದಾಹರಣೆ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗುತ್ತದೆ. ವಿಷ ಏರಿದೆಯೋ ಇಲ್ಲವೋ ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಎರಡು ಎಂಎಲ್ ರಕ್ತವನ್ನು ಒಣಗಿದ, ಶುದ್ಧ ಗಾಜಿನ ಟ್ಯೂಬ್‌ಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಬಾಗಿಸಿ ನೋಡಿದಾಗ ರಕ್ತ ಇನ್ನೂ ಹರಿದರೆ ವಿಷ ಕೆಲಸ ಮಾಡುತ್ತಿದೆ ಅಂತ ಅರ್ಥ. ಇಷ್ಟೇ ಪರೀಕ್ಷೆ. ಆದರೆ ಟ್ಯೂಬ್ ಪ್ಲಾಸ್ಟಿಕ್ಕಿನದಾದರೆ ಫಲಿತಾಂಶ ನಂಬುವ ಹಾಗಿಲ್ಲ, ಸೋಪಿನಲ್ಲಿ ತೊಳೆದದ್ದಾದರೂ ಹಾಗೇ. ಮಾಡುವವರು ನರ್ಸ್, ಗಡಿಯಾರ ನೋಡುವವರು ನರ್ಸ್, ಡಾಕ್ಟರಿಗೆ ಫೋನ್ ಮಾಡುವವರೂ ಅವರೇ. ಯಾವುದೇ ಪಿಎಚ್‌ಸಿಗೆ ವರದಿಗೆ ಹೋದರೂ ಗಾಜಿನ ಟ್ಯೂಬ್ ಇದೆಯಾ ಅಂತ ಕೇಳುವುದು ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ. ಕೆಲವು ಸಿಸ್ಟರ್‌ಗಳು ನಗುತ್ತಾರೆ, ಕೆಲವರು ಬೀರು ತೆಗೆದು ತೋರಿಸುತ್ತಾರೆ.

ಕಟ್ಟುಹಾವಿನ ಕತೆ ಇನ್ನೂ ಕಷ್ಟ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವು ಹೆಚ್ಚಿರಲ್ಲ, ಗುರುತೂ ಸರಿಯಾಗಿ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕೂರಿಸಿದರೆ ಒಂದೆರಡು ಗಂಟೆ ಹೋಯಿತು. ಕಣ್ಣಿನ ರೆಪ್ಪೆ ಜೋತುಬಿದ್ದಿದೆ ಅನ್ನುವುದನ್ನು ಗಮನಿಸುವ ಒಬ್ಬರು ಮನೆ ಹತ್ತಿರ ಇದ್ದರೆ ಕತೆಯೇ ಬೇರೆ. ಉಸಿರು ನಿಲ್ಲುತ್ತಾ ಬಂದಾಗ ದಾರಿಯುದ್ದಕ್ಕೂ ಆಂಬು ಬ್ಯಾಗ್ ಒತ್ತುತ್ತಾ ಜೀವ ಹಿಡಿದಿಡುವವರು ಆಂಬುಲೆನ್ಸ್‌ನ ಇಎಂಟಿ.

ಹಾಗಾದರೆ ಎಎಸ್‌ವಿ ಸ್ಟಾಕ್ ಇದ್ದರೂ ಎಷ್ಟೋ ಕಡೆ ಕೊಡದೆ ಮುಂದೆ ಕಳಿಸುವುದು ಯಾಕೆ? ಭಯ. ಕುದುರೆಯ ರಕ್ತದಿಂದ ತಯಾರಾಗುವ ಔಷಧ ಅದು, ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ. ಅದಕ್ಕೆ ಅಡ್ರಿನಲಿನ್ ಮದ್ದು. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎಎಸ್‌ವಿಗೆ ಮೊದಲೇ ಸಣ್ಣ ಡೋಸ್ ಅಡ್ರಿನಲಿನ್ ಚರ್ಮದಡಿ ಕೊಟ್ಟರೆ ಮೊದಲ ಒಂದು ಗಂಟೆಯಲ್ಲಿ ತೀವ್ರ ರಿಯಾಕ್ಷನ್‌ಗಳು 43% ಕಡಿಮೆಯಾದದ್ದು ಕಂಡುಬಂತು. ವಿಜ್ಞಾನ ಇದೆ, ಔಷಧ ಅಗ್ಗ. ಇಲ್ಲದಿರುವುದು ಧೈರ್ಯಕ್ಕೆ ಬೇಕಾದ ಆಸರೆ. ರಾತ್ರಿ ಎರಡು ಗಂಟೆಗೆ, ಹೊರಗೆ ಇಪ್ಪತ್ತು ಜನ ಸಂಬಂಧಿಕರು ನಿಂತಿರುವಾಗ, ಗುತ್ತಿಗೆಯಲ್ಲಿರುವ ನರ್ಸ್ ಒಬ್ಬರು ಈ ಅಪಾಯವನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಏನಾದರೂ ಹೆಚ್ಚುಕಡಿಮೆ ಆದರೆ ಮುಂದಿನ ವರ್ಷ ಗುತ್ತಿಗೆ ನವೀಕರಣ ಆಗುತ್ತೋ ಇಲ್ಲವೋ. ರೆಫರ್ ಅಂತ ಚೀಟಿ ಬರೆದರೆ ಯಾರೂ ಕೇಳಲ್ಲ. ಗುತ್ತಿಗೆ ಪದ್ಧತಿ ನೌಕರರ ಸಮಸ್ಯೆ ಮಾತ್ರ ಅಂತ ನಾವು ತಿಳಿದುಕೊಂಡಿದ್ದೇವೆ. ಇಲ್ಲಿ ಅದು ನೇರವಾಗಿ ರೋಗಿಯ ಸಮಸ್ಯೆ.

ನೇಪಾಳದ ಆಗ್ನೇಯ ಭಾಗದ ಹಳ್ಳಿಗಳಲ್ಲಿ ನಡೆದ ಒಂದು ಕೆಲಸ ನನಗೆ ಪದೇ ಪದೇ ನೆನಪಾಗುತ್ತದೆ. ಡಮಕ್ ಎಂಬ ಪಟ್ಟಣದಲ್ಲಿ ಹಾವು ಕಡಿತಕ್ಕೆ ಚಿಕಿತ್ಸಾ ಕೇಂದ್ರ ಇತ್ತು, ಆದರೆ ಜನ ತಡವಾಗಿ ಬರುತ್ತಿದ್ದರು. ಸಂಶೋಧಕರು ಹೊಸ ಔಷಧ ತರಲಿಲ್ಲ. ಬೈಕ್ ಇದ್ದ ಊರಿನವರನ್ನೇ ಸ್ವಯಂಸೇವಕರನ್ನಾಗಿ ಮಾಡಿದರು, ಕಡಿತವಾದ ತಕ್ಷಣ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳಿಕೊಟ್ಟರು. ಆ ಹಳ್ಳಿಗಳಲ್ಲಿ ಹಾವು ಕಡಿದವರ ಸಾವಿನ ಪ್ರಮಾಣ 10.5%ರಿಂದ 0.5%ಕ್ಕೆ ಇಳಿಯಿತು. 2015ರಲ್ಲಿ ನಮ್ಮಲ್ಲೂ ಬೈಕ್ ಆಂಬುಲೆನ್ಸ್ ಬಂತು, ಆದರೆ ನಗರಗಳ ಟ್ರಾಫಿಕ್ ಗುರಿಯಾಗಿಟ್ಟುಕೊಂಡು.

ವಿಷದ ಮೇಲಿನ ಸಂಶೋಧನೆ ಬೇಡ ಅಂತಲ್ಲ. ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾದ ಎಎಸ್‌ವಿ ದೇಶದ ಬೇರೆ ಕಡೆಯ ಹಾವುಗಳ ವಿಷಕ್ಕೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಬೆಂಗಳೂರಿನ ಐಐಎಸ್‌ಸಿಯ ವಿಜ್ಞಾನಿಗಳೇ ತೋರಿಸಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಕಡಿತ ಮತ್ತು ಸೂಜಿಯ ನಡುವಿನ ಎರಡು ಮೂರು ಗಂಟೆಗಳನ್ನು ಅಧ್ಯಯನ ಮಾಡುವವರು ಯಾರು? ಅಲ್ಲಿ ಇರುವವರೇ ಮಾಡಬೇಕು.

ನರ್ಸಿಂಗ್ ಕಾಲೇಜುಗಳಿಗೆ ಕರ್ನಾಟಕದಲ್ಲಿ ಕೊರತೆ ಇಲ್ಲ, ಹೊರರಾಜ್ಯದವರೂ ಇಲ್ಲಿಗೇ ಬಂದು ಓದುತ್ತಾರೆ. ಎಂಎಸ್ಸಿ ನರ್ಸಿಂಗ್ ಪ್ರಬಂಧಗಳ ಶೀರ್ಷಿಕೆಗಳನ್ನು ಒಮ್ಮೆ ಓದಿ ನೋಡಿ. ಇಂಥ ವಿಷಯದ ಬಗ್ಗೆ ಇಂಥವರ 'ಜ್ಞಾನ'ದ ಮೇಲೆ 'ರಚನಾತ್ಮಕ ಬೋಧನೆ'ಯ ಪರಿಣಾಮ. ಪ್ರಶ್ನಾವಳಿ ಕೊಡು, ಪಾಠ ಮಾಡು, ಮತ್ತೆ ಅದೇ ಪ್ರಶ್ನಾವಳಿ ಕೊಡು, ಅಂಕ ಏರಿತು ಅಂತ ಬರೆ. ಹುಡುಗಿಯರ ತಪ್ಪಲ್ಲ ಇದು. ಕಾಲೇಜಿನಲ್ಲಿರುವ ಪ್ರಾಧ್ಯಾಪಕಿಗೆ ರೋಗಿಗಳಿಲ್ಲ, ರೋಗಿಗಳ ನಡುವೆ ಹತ್ತು ವರ್ಷ ಕಳೆದ ಪಿಎಚ್‌ಸಿ ನರ್ಸ್‌ಗೆ ಸಮಯವಿಲ್ಲ, ಹಣವಿಲ್ಲ, ತಾನೇ ತುಂಬಿದ ರಿಜಿಸ್ಟರ್‌ನ ಡೇಟಾ ಬಳಸಲು ಅನುಮತಿಯೂ ಇಲ್ಲ. ದೊಡ್ಡ ಅಧ್ಯಯನ ಬಂದರೆ ಅವರು ಫಾರಂ ತುಂಬುವವರು, ಪ್ರಶ್ನೆ ಕೇಳುವವರಲ್ಲ.

ಹಳ್ಳಿಯ ಹೆಂಗಸರಿಗೆ ಇದು ಆಗದ ಕೆಲಸ ಅನ್ನುವವರಿಗೆ ಗಡಚಿರೋಲಿ ಸಾಕು. ಅಭಯ್ ಬಂಗ್, ರಾಣಿ ಬಂಗ್ ಅಲ್ಲಿ 39 ಹಳ್ಳಿಗಳ ಮಹಿಳೆಯರಿಗೆ ನವಜಾತ ಶಿಶುಗಳ ಆರೈಕೆ, ಸೋಂಕು ಗುರುತಿಸುವುದು, ಇಂಜೆಕ್ಷನ್ ಕೊಡುವುದು ಕಲಿಸಿದರು. 1999ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶ: ನವಜಾತ ಶಿಶು ಮರಣ 62% ಇಳಿಕೆ. ಇವತ್ತು ಆಶಾಗಳು ಬಾಣಂತಿಯ ಮನೆಗೆ ಹೋಗುವುದರ ಹಿಂದೆ ಇರುವುದು ಈ ಸಂಶೋಧನೆಯೇ. ಅದೇ ಆಶಾಗಳಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಫ್ರೀಡಂ ಪಾರ್ಕ್‌ನ ಚಳಿಯಲ್ಲಿ ರಾತ್ರಿ ಕಳೆದರು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಆಗಸ್ಟ್‌ನಲ್ಲಿ ಅದೇ ಭರವಸೆ ಜಾರಿ ಮಾಡಿ ಅಂತ ಮತ್ತೆ ಬೀದಿಗೆ ಬರಬೇಕಾಯಿತು.

ಸರ್ಕಾರಕ್ಕೆ ಹೊಸ ಯೋಜನೆ, ಹೊಸ ಹೆಸರು ಬೇಕಿಲ್ಲ. ಈಗಿರುವ ವರದಿಯ ಜೊತೆ ನಾಲ್ಕು ವಿವರ ಕಡ್ಡಾಯ ಮಾಡಿ ತಾಲ್ಲೂಕುವಾರು ಪ್ರಕಟಿಸಲಿ: ಕಡಿದ ಸಮಯ, ಮೊದಲ ಆರೋಗ್ಯ ಸಿಬ್ಬಂದಿ ನೋಡಿದ ಸಮಯ, ಮೊದಲ ವಯಲ್ ಕೊಟ್ಟ ಸಮಯ, ಎಷ್ಟು ಕಡೆಯಿಂದ ರೆಫರ್ ಆಯಿತು. ಊರಿನಲ್ಲೇ ಸತ್ತವರ ವಿವರವನ್ನು ಆಶಾ ಕೊಟ್ಟರೆ ಅದಕ್ಕೂ ಹಣ ಸಲ್ಲಲಿ. ಡಾಕ್ಟರ್ ಫೋನ್‌ನಲ್ಲಿ ಹೇಳಿದ ಮೇಲೆ ನರ್ಸ್ ಎಎಸ್‌ವಿ ಶುರು ಮಾಡಿದರೆ ಇಲಾಖೆ ಅವರ ಬೆನ್ನಿಗಿರುತ್ತದೆ ಅಂತ ಲಿಖಿತ ಆದೇಶ ಬರಲಿ.

ಅಲ್ಲಿಯವರೆಗೆ ನೀವೂ ಒಂದು ಕೆಲಸ ಮಾಡಬಹುದು. ಆರ್‌ಟಿಐ ಅರ್ಜಿಗೆ 10 ರೂಪಾಯಿ. ನಿಮ್ಮ ತಾಲ್ಲೂಕಿನ ಯಾವ ಯಾವ ಪಿಎಚ್‌ಸಿಯಲ್ಲಿ ಕಳೆದ ಮಳೆಗಾಲದಲ್ಲಿ ಎಎಸ್‌ವಿ ಎಷ್ಟು ವಯಲ್ ಇತ್ತು, ಎಷ್ಟು ಜನಕ್ಕೆ ಅಲ್ಲೇ ಕೊಟ್ಟರು, ಎಷ್ಟು ಜನರನ್ನು ಕೊಡದೆ ಮುಂದೆ ಕಳಿಸಿದರು, ರಾತ್ರಿ ಪಾಳಿಯ ನರ್ಸ್‌ಗಳಲ್ಲಿ ಎಷ್ಟು ಮಂದಿ ಗುತ್ತಿಗೆಯವರು ಅಂತ ಕೇಳಿ. ಗಾಜಿನ ಟ್ಯೂಬ್ ಬಗ್ಗೆಯೂ ಒಂದು ಸಾಲು ಸೇರಿಸಿ.