ಕಾವಲು ನಾಯಿಗೆ ಬೆಲೆ ಕಟ್ಟುವ ಮುನ್ನ

ತೋಟ, ಜಾನುವಾರುಗಳ ಕಾವಲಿಗಾಗಿ ನಾಯಿ ಸಾಕಲು ಇಸ್ಲಾಮ್ ಅನುಮತಿಸಿದೆ. ಆದರೆ ಅದನ್ನು ಅಂಗಡಿಯಿಂದ ಕೊಳ್ಳಬಹುದೇ? ಪ್ರವಾದಿ(ಸ)ರು ನಾಯಿಯ ಬೆಲೆಯನ್ನು ನಿಷೇಧಿಸಿದ್ದಾರೆಂದು ಸಹೀಹ್ ಬುಖಾರಿಯ ಹದೀಸ್ ತಿಳಿಸುತ್ತದೆ. ಉಪಯುಕ್ತ ನಾಯಿಯ ಮಾರಾಟಕ್ಕೆ ಹನಫೀ ವಿದ್ವಾಂಸರು ಅವಕಾಶ ನೀಡಿದ್ದಾರೆ. ಶಾಫಿಈ ವಿದ್ವಾಂಸರು ನೀಡಿಲ್ಲ. ಆ ಭಿನ್ನಾಭಿಪ್ರಾಯವೇನೇ ಇರಲಿ, ಗೂಡಿನೊಳಗಿನ ಮರಿಯ ತಾಯಿ ಯಾವ ಸ್ಥಿತಿಯಲ್ಲಿದೆಯೆಂದು ನಾವು ಕೇಳುವುದೇ ಇಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂಬ 2017ರ ಭಾರತದ ನಿಯಮವನ್ನಾದರೂ ವಿಚಾರಿಸುತ್ತೇವೆಯೇ?

ಬಾಯಾರಿದ ನಾಯಿಗೆ ನೀರುಣಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಹದೀಸ್‌ನಲ್ಲಿದೆ. ನೀರುಣಿಸಿದಾತ ಅದರ ತಳಿಯನ್ನು ವಿಚಾರಿಸಿರಲಿಲ್ಲ. ಬೀದಿಯಲ್ಲಿ ಅನಾಥವಾದ ಮರಿಯೂ ತೋಟ ಕಾಯಬಲ್ಲದು. ಅದಕ್ಕೆ ಲಸಿಕೆ ಹಾಕಿಸಿ, ಅನ್ನ, ನೀರು, ನೆರಳು ನೀಡುವ ಹೊಣೆಯನ್ನು ನಾವು ಹೊರೋಣ. ಮಕ್ಕಳು ನಮ್ಮಿಂದ ಕಲಿಯಬೇಕಾದುದು ಜೀವಿಗಳ ಬೆಲೆಯನ್ನಲ್ಲ, ಅವುಗಳ ಹಕ್ಕನ್ನು.