ಹಲ್ಲು ಸೆಟ್ ಮಾಡುವವರು ಮೇಷ್ಟ್ರಾಗುವುದು ಯಾವಾಗ?

ಪೀಣ್ಯದ ಶೆಡ್ಡುಗಳಲ್ಲಿ ಸಿಎನ್‌ಸಿ ಓಡಿಸುವ ಹುಡುಗರಿಗೆ ಮಿಲ್ಲಿಂಗ್ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಬಲ್ಲವರಿಗೆ ಬರವಿಲ್ಲ. ವೈಟ್‌ಫೀಲ್ಡ್‌ನಲ್ಲಿ ವೈದೇಹಿ ಡೆಂಟಲ್ ಕಾಲೇಜಿದೆ. ಡಿಜಿಟಲ್ ಹಲ್ಲು ಸೆಟ್ಟಿಗೆ ಬೇಕಾದದ್ದು ಈ ಮೂರೇ: ಯಂತ್ರ, ಸಾಫ್ಟ್‌ವೇರ್, ಬಾಯಿಯ ತಿಳಿವಳಿಕೆ. ಆದರೆ ಇದನ್ನೆಲ್ಲ ಕಲಿತು, ಮುಂದೆ ಕಾಲೇಜಲ್ಲಿ ಅದನ್ನೇ ಕಲಿಸ್ತೀನಿ ಅಂತ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಆಸೆಪಟ್ಟರೆ ಅವನಿಗೆ ಸರಿಯಾದ ದಾರಿಯೇ ಇಲ್ಲ.

1948ರ ದಂತವೈದ್ಯರ ಕಾಯ್ದೆ ಇವರನ್ನು ‘ಡೆಂಟಲ್ ಮೆಕ್ಯಾನಿಕ್’ ಅಂತ ಕರೆಯಿತು. ಪಿಯುಸಿ ಆದಮೇಲೆ ಎರಡು ವರ್ಷದ ಕೋರ್ಸು, ಆಮೇಲೆ ಲ್ಯಾಬು. ಡೆಂಟಲ್ ಕಾಲೇಜಿನ ಪ್ರಾಸ್ತೊಡಾಂಟಿಕ್ಸ್ ವಿಭಾಗದಲ್ಲಿ ಅಧ್ಯಾಪಕರಾಗಲು ಎಂಡಿಎಸ್ ಬೇಕು. ಮೇಣದಲ್ಲಿ ಹಲ್ಲು ಜೋಡಿಸುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡುವ ಮೆಕ್ಯಾನಿಕ್ ಮಾತ್ರ ಕಾಗದದ ಮೇಲೆ ಸಹಾಯಕ ಸಿಬ್ಬಂದಿ. 2023ರಲ್ಲಿ ಬಂದ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಮೂರು ಮಂಡಳಿಗಳಿವೆ. ಈ ಕಸುಬಿನ ಶಿಕ್ಷಣಕ್ಕೆ ಅಂತಲೇ ಒಂದು ಮಂಡಳಿ ಇಲ್ಲ.

ಕಂಪ್ಯೂಟರ್ ಬಂದಮೇಲೆ ಮೆಕ್ಯಾನಿಕ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಈಗಲೇ ಹೆಚ್ಚು ಬೇಕು. ಹಳೇ ವಿಧಾನದಲ್ಲಿ ಅಳತೆ, ದವಡೆಯ ಹೊಂದಾಣಿಕೆ, ಮೇಣದ ಟ್ರಯಲ್ ಅಂತ ಅಜ್ಜಿ ನಾಲ್ಕೈದು ಸಲ ಬರಬೇಕಿತ್ತು. ಪ್ರತಿ ಸಲವೂ ತಪ್ಪು ತಿದ್ದಿಕೊಳ್ಳಲು ಅವಕಾಶವಿತ್ತು. ಡಿಜಿಟಲ್‌ನಲ್ಲಿ ಎರಡು ಮೂರು ಸಲ ಸಾಕು, ಹಾಗಾಗಿ ತಪ್ಪು ತಿದ್ದುವ ಅವಕಾಶವೂ ಕಮ್ಮಿ. ಹಲ್ಲಿಲ್ಲದ ವಸಡು ಮೆತ್ತಗೆ, ಒತ್ತಿದರೆ ಜರುಗುತ್ತೆ. ಅದು ಎಷ್ಟು ಜರುಗುತ್ತೆ ಅನ್ನೋದು ಸ್ಕ್ಯಾನ್ ಚಿತ್ರ ನೋಡಿದರೆ ತಿಳಿಯೋದಿಲ್ಲ. ಜಿರ್ಕೋನಿಯಾ ಕ್ಯಾಪ್ ತೊಗೊಳ್ಳಿ: ಕುಲುಮೆಯಲ್ಲಿ ಸುಮಾರು 1500 ಡಿಗ್ರಿಯಲ್ಲಿ ಬೇಯುವಾಗ ಅದು ಐದನೇ ಒಂದು ಭಾಗದಷ್ಟು ಕುಗ್ಗುತ್ತೆ, ಅದಕ್ಕೇ ಮೊದಲೇ ದೊಡ್ಡದಾಗಿ ಕೊರೆಯಬೇಕು. ಲೆಕ್ಕ ಸಾಫ್ಟ್‌ವೇರೇ ಮಾಡುತ್ತೆ, ಸರಿ. ಬಂದ ಕ್ಯಾಪ್ ಕೂರದಿದ್ದಾಗ ತಪ್ಪು ಸ್ಕ್ಯಾನಿನದೋ, ಕುಲುಮೆಯದೋ ಅಂತ ಹುಡುಕಬೇಕಾದವನು ಟೆಕ್ನಿಷಿಯನ್. ಅದನ್ನು ವ್ಯವಸ್ಥಿತವಾಗಿ ಬರೆದಿಟ್ಟರೆ ಅದೇ ಸಂಶೋಧನೆ. ನಮ್ಮಲ್ಲಿ ಅದು ಲ್ಯಾಬಿನವರ ಬಾಯಿಮಾತಿನಲ್ಲೇ ಕಳೆದುಹೋಗುತ್ತಿದೆ.

ಬ್ರಿಟನ್ನಿನ ಕಾರ್ಡಿಫ್ ಮೆಟ್ರೋಪಾಲಿಟನ್ ವಿವಿಯಲ್ಲಿ ಡೆಂಟಲ್ ಟೆಕ್ನಾಲಜಿಯಲ್ಲೇ ಪದವಿ ಇದೆ, ಸ್ನಾತಕೋತ್ತರವೂ ಇದೆ. ಜರ್ಮನಿಯಲ್ಲಿ ಮೂರೂವರೆ ವರ್ಷ ಕೆಲಸ ಕಲಿತು, ಆಮೇಲೆ ‘ಮೈಸ್ಟರ್’ ಪರೀಕ್ಷೆ ಪಾಸಾದವನು ಇನ್ನೊಬ್ಬರಿಗೆ ಕಲಿಸಬಹುದು. ನಮ್ಮಲ್ಲಿ ಕೈಕೆಲಸ ಮಾಡಿದವನು ಮೇಷ್ಟ್ರಾಗಬಾರದು ಅನ್ನೋ ರೋಗ ಹಳೇದು. ಅದರ ಜಾತಿಯ ಬೇರು ಎಲ್ಲಿದೆ ಅಂತ ನಿಮಗೇ ಗೊತ್ತು.

ಇದು ಬರೀ ಕೆರಿಯರ್ ಪ್ರಶ್ನೆಯಲ್ಲ. ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲು ಸೆಟ್ ಕೊಡಲು ಸಿದ್ದರಾಮಯ್ಯನವರ ಮೊದಲ ಸರ್ಕಾರ ‘ದಂತ ಭಾಗ್ಯ’ ತಂದಿತು. ಘೋಷಣೆಯ ಶ್ರೇಯಸ್ಸು ಮಂತ್ರಿಗಳಿಗೆ, ಚಿಕಿತ್ಸೆಯದು ಡಾಕ್ಟರಿಗೆ. ಸೆಟ್ಟಿಗೆ ಪಾಲಿಶ್ ಹಾಕುತ್ತಾ ಧೂಳು ಕುಡಿದವರ ಹೆಸರು ಎಲ್ಲೂ ಬರಲಿಲ್ಲ. ಸಿಲಿಕಾ ಧೂಳಿನಿಂದ ಶ್ವಾಸಕೋಶ ಹಾಳಾಗುವುದು ಈ ಕಸುಬಿನಲ್ಲಿ ಹೊಸ ಸಂಗತಿಯೇನಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಡಯಾಲಿಸಿಸ್‌ಗೆ, ಇಮೇಜಿಂಗ್‌ಗೆ ಬಿ.ಎಸ್ಸಿ. ನಡೆಸುತ್ತದೆ. ಹಲ್ಲಿನ ತಂತ್ರಜ್ಞಾನಕ್ಕೂ ಹಾಗೇ ಒಂದು ಮಾಡಲಿ. ಎರಡು ವರ್ಷದ ಕೋರ್ಸ್ ಮುಗಿಸಿದವರಿಗೆ ನೇರವಾಗಿ ಎರಡನೇ ವರ್ಷಕ್ಕೆ ಸೀಟು ಕೊಡಲಿ, ಯಂತ್ರದ ಪಾಠಕ್ಕೆ ರಾಜಾಜಿನಗರದ ಜಿಟಿಟಿಸಿಯನ್ನು ಸೇರಿಸಿಕೊಳ್ಳಲಿ. ಆ ಕೋರ್ಸಿನ ಮೊದಲ ಅಧ್ಯಾಪಕ ಹುದ್ದೆಗೆ ಅರ್ಜಿ ಕರೆಯುವಾಗ ಅರ್ಹತೆಯ ಕಾಲಂನಲ್ಲಿ ಮತ್ತೆ ಎಂಡಿಎಸ್ ಅಂತಲೇ ಬರೆಯುತ್ತಾರಾ, ನಾನು ನೋಡಲು ಕಾಯುತ್ತಿರುವುದು ಅದನ್ನೇ.