ತೋಟ ಮಕ್ಕಳಿಗೆ, ದುಡ್ಡು ಯಾರಿಗೆ?

ಸರಕಾರಿ ನೌಕರನಿಗೆ 60 ತುಂಬಿದರೆ ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಇಡಿಗಂಟು ಕೊಟ್ಟು ಕಳಿಸುತ್ತಾರೆ. ಕೃಷಿಕನಿಗೆ ಇದ್ಯಾವುದೂ ಇಲ್ಲ. ಮೊಣಕಾಲು ‘ಇನ್ನು ಆಗದು’ ಎಂದ ದಿನವೇ ನಿವೃತ್ತಿ.

ಆದರೂ ಆ ಹೊತ್ತಿಗೆ ಹಲವರ ಕೈಯಲ್ಲಿ ಒಂದಷ್ಟು ದುಡ್ಡು ಇರುತ್ತದೆ. ಅಡಿಕೆಗೆ ಧಾರಣೆ ಬಂದ ವರ್ಷ ಉಳಿದದ್ದು, ರಸ್ತೆಗೆ ಹೋದ ಜಾಗದ ಪರಿಹಾರ, ಒಂದು ತುಂಡು ಗುಡ್ಡೆ ಮಾರಿದ್ದು. ಎರಡು ಲಕ್ಷವೋ ಹತ್ತು ಲಕ್ಷವೋ. ಇದನ್ನು ನಾವು ಏನು ಮಾಡುತ್ತೇವೆ? ಹೆಚ್ಚಿನವರು ಪುನಃ ತೋಟಕ್ಕೇ ಸುರಿಯುತ್ತೇವೆ. ಇನ್ನೊಂದು ಕೊಳವೆಬಾವಿ, ಇನ್ನೊಂದು ಎಕ್ರೆ ಹೊಸ ಸಸಿ. ‘ಭೂಮಿಗೆ ಹಾಕಿದ್ದು ಎಲ್ಲಿ ಹೋಗ್ತದೆ?’ ಅನ್ನುತ್ತೇವೆ.

ಹೋಗ್ತದೆ. ಕೊಳವೆಬಾವಿಗೆ ಹಾಕಿದ ದುಡ್ಡು ಧೂಳಾಗಿ ಮೇಲೆ ಬಂದದ್ದನ್ನು ನೋಡದ ಊರು ಉಂಟೇ? ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಹೋಗಿವೆ. ಇಂದು ಅಡಿಕೆ ನೆಟ್ಟರೆ ಲೆಕ್ಕಕ್ಕೆ ಸಿಗುವ ಫಸಲು ಬರಲು ಆರೇಳು ವರ್ಷ ಬೇಕು. 35ರ ಮಗನಿಗೆ ಅದು ಸರಿ. 66ರ ಅಪ್ಪನಿಗೆ ಬೇಕಾದ್ದು ಬರುವ ತಿಂಗಳ ಮದ್ದಿನ ದುಡ್ಡು. ಹಾಗಾಗಿ 60 ದಾಟಿದ ಕೃಷಿಕ ತೋಟದ ದುಡ್ಡು ಬೇರೆ, ತನ್ನ ದುಡ್ಡು ಬೇರೆ ಎಂದು ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಕೆಟ್ಟವರು ಅಂತಲ್ಲ. ಬಿ.ಪಿ. ಮಾತ್ರೆಗೆ, ಮೊಮ್ಮಗಳ ಕೈಗೆ ನೂರು ರೂಪಾಯಿ ಕೊಡಲಿಕ್ಕೆ ಮಗನ ಮುಖ ನೋಡುವ ಸ್ಥಿತಿ ಯಾರಿಗೂ ಬೇಡ.

ಬೇರೆ ಮಾಡಿ ಇಡುವುದೆಲ್ಲಿ? ನಾನಂತೂ ಮೊದಲು ತೋರಿಸುವುದು ಅಂಚೆ ಕಚೇರಿಯನ್ನೇ. ಅಲ್ಲಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನಿವೃತ್ತ ನೌಕರರಿಗೆ ಮಾತ್ರ ಎಂದು ನಮ್ಮವರು ಎಣಿಸಿದ್ದಾರೆ. ಅಲ್ಲ. 60 ತುಂಬಿದ ಯಾರೂ ಇಡಬಹುದು, ಸಾವಿರ ರೂಪಾಯಿಯಿಂದ ಶುರು. ಮಿತಿ ಮೊದಲು 15 ಲಕ್ಷ ಇತ್ತು, 2023ರ ಏಪ್ರಿಲ್‌ನಲ್ಲಿ 30 ಲಕ್ಷ ಆಯಿತು. ಅದೇ ತಿಂಗಳು ಬಡ್ಡಿ ಶೇ. 8.2ಕ್ಕೆ ಏರಿತು. ಸರಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದ್ದರಿಂದ ಹೋದ ದಿನದ ದರ ಕೇಳಿಕೊಳ್ಳಿ. ಇಟ್ಟ ದಿನದ ದರ ಮಾತ್ರ 5 ವರ್ಷ ಬದಲಾಗದು. ಶೇ. 8.2ರಲ್ಲಿ 5 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 10,250 ರೂಪಾಯಿ. ಈ ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ನೇರ ಉಳಿತಾಯ ಖಾತೆಗೆ ಹೋಗುವ ಹಾಗೆ ಬರೆದುಕೊಡಿ. ಮಧ್ಯದಲ್ಲಿ ಬೇಕಾದರೆ ಹಿಂತೆಗೆಯಬಹುದು. ವರ್ಷ ತುಂಬಿದ ಮೇಲೆ ಅಸಲಿನಲ್ಲಿ ಶೇ. 1.5, ಎರಡು ವರ್ಷದ ನಂತರ ಶೇ. 1 ಮುರಿದುಕೊಳ್ಳುತ್ತಾರೆ. ವರ್ಷದೊಳಗೆ ತೆಗೆದರೆ ಬಡ್ಡಿಯೇ ಇಲ್ಲ.

60 ಆಗದವರಿಗೆ ಅಲ್ಲೇ ಮಾಸಿಕ ಆದಾಯ ಯೋಜನೆ ಉಂಟು. ಒಬ್ಬರಿಗೆ 9 ಲಕ್ಷ, ಜಂಟಿಯಾದರೆ 15 ಲಕ್ಷದವರೆಗೆ.

ಬೆಲೆ ಏರಿದಂತೆ ಈ ಬಡ್ಡಿ ಏರುವುದಿಲ್ಲ ಎಂಬ ಆಕ್ಷೇಪ ಇದೆ. ನಿಜ. ಪೇಟೆಯ ನಿವೃತ್ತನಿಗೆ ಅದು ದೊಡ್ಡ ಚಿಂತೆ. ತೆಂಗಿನಕಾಯಿ, ತರಕಾರಿ, ಕಟ್ಟಿಗೆ ಹಿತ್ತಿಲಲ್ಲೇ ಸಿಗುವ ನಮಗೆ ಅಷ್ಟಿಲ್ಲ.

ಇನ್ನು ಸೊಸೈಟಿಯ ಮಾತು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಪ್ರಾಥಮಿಕ ಕೃಷಿ ಪತ್ತಿನ ಸಂಘ ನಮ್ಮದೇ. ಬೆಳೆಸಾಲ ಕೊಟ್ಟದ್ದು, ಗೊಬ್ಬರ ಕೊಟ್ಟದ್ದು ಅದು. ಬ್ಯಾಂಕಿಗಿಂತ ಅರ್ಧ ಪರ್ಸೆಂಟು ಬಡ್ಡಿ ಜಾಸ್ತಿ ಸಿಕ್ಕಿದರೆ ಠೇವಣಿಯೂ ಅಲ್ಲೇ. ಆದರೆ ಡಿ.ಐ.ಸಿ.ಜಿ.ಸಿ. ಎಂಬ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಕೊಡುವ ಠೇವಣಿ ವಿಮೆ ಈ ಸಂಘಗಳಿಗೆ ಇಲ್ಲ. ಪೇಟೆಯ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ವಿಮೆ ಇರುವುದು ಬ್ಯಾಂಕುಗಳಿಗೆ: ರಾಷ್ಟ್ರೀಕೃತ, ಖಾಸಗಿ, ಗ್ರಾಮೀಣ, ಪಟ್ಟಣ ಸಹಕಾರಿ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮೊದಲು ಅದು ಬರೇ 1 ಲಕ್ಷ.

ಈ ವಿಮೆಯ ಬೆಲೆ ಏನೆಂದು ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರನ್ನು ಕೇಳಬೇಕು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟರು. ಇಟ್ಟವರಲ್ಲಿ ಹಿರಿಯರೇ ಬಹಳ. 2021ರಲ್ಲಿ ಕಾನೂನು ತಿದ್ದಿ, ಇಂಥ ನಿರ್ಬಂಧ ಬಿದ್ದರೆ ವಿಮೆಯ ಹಣ 90 ದಿನದಲ್ಲಿ ಕೊಡಬೇಕು ಎಂದು ಮಾಡಿದ ಮೇಲೆ 5 ಲಕ್ಷದವರೆಗಿನವರಿಗೆ ದಾರಿಯಾಯಿತು. ಅದರ ಮೇಲೆ ಇಟ್ಟವರ ಪಾಡು ಬೇರೆ.

ನಮ್ಮ ಸೊಸೈಟಿ ಮುಳುಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಂಘಗಳು ಬ್ಯಾಂಕಿಗಿಂತ ಚೆನ್ನಾಗಿ ನಡೆಯುತ್ತಿವೆ. ವಹಿವಾಟು ಅಲ್ಲೇ ಇರಲಿ, ಮಹಾಸಭೆಗೆ ಹೋಗಿ, ಲೆಕ್ಕ ಪರಿಶೋಧನಾ ವರದಿ ಓದಿ. ಮುದಿಪ್ರಾಯದ ಗಂಟು ಪೂರ್ತಿ ಅಲ್ಲಿ ಬೇಡ, ಅಷ್ಟೆ. ಅರ್ಧ ಪರ್ಸೆಂಟು ಅಂದರೆ 5 ಲಕ್ಷಕ್ಕೆ ವರ್ಷಕ್ಕೆ 2,500 ರೂಪಾಯಿ. ಅಷ್ಟಕ್ಕಾಗಿ ವಿಮೆ ಬಿಡುವುದೇ?

ಬ್ಯಾಂಕಿನಲ್ಲೂ ಕಣ್ಣು ತೆರೆದಿರಬೇಕು. ಎಫ್.ಡಿ. ಮಾಡಲು ಹೋದ ಮುದುಕರಿಗೆ ‘ಇದು ಅದಕ್ಕಿಂತ ಒಳ್ಳೇದು’ ಎಂದು ವರ್ಷವರ್ಷ ಕಂತು ಕಟ್ಟುವ ವಿಮಾ ಪಾಲಿಸಿ ದಾಟಿಸುವವರಿದ್ದಾರೆ. ಪತ್ರ ಮನೆಗೆ ತಂದು ಓದಬಲ್ಲವರಿಂದ ಓದಿಸಿ. ಪಾಲಿಸಿ ಎಂದು ಗೊತ್ತಾದರೆ, ಅದು ಕೈಸೇರಿದ 30 ದಿನದೊಳಗೆ ವಾಪಸು ಮಾಡಬಹುದು. ಇನ್ನು ತಿಂಗಳಿಗೆ ನೂರಕ್ಕೆ ಎರಡು, ಮೂರು ಕೊಡುತ್ತೇವೆ ಅನ್ನುವವರು. 1990ರ ದಶಕದಲ್ಲಿ ಸಾಗುವಾನಿ ಕಂಪೆನಿಗಳು ಮರ ತೋರಿಸಿ ದುಡ್ಡು ಎತ್ತಿದವು, 1999ರಲ್ಲಿ ಸೆಬಿ ನಿಯಮ ತಂದಿತು. 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಮುಳುಗಿತು. ಇವರ ಬಗ್ಗೆ ಹೆಚ್ಚು ಬರೆಯುವುದು ಕಾಗದಕ್ಕೆ ನಷ್ಟ.

ತೆರಿಗೆಯ ವಿಚಾರದಲ್ಲಿ ಒಂದು ಗೊಂದಲ. ಕೃಷಿ ಆದಾಯಕ್ಕೆ ವಿನಾಯಿತಿ ಇದೆ, ಅದೇ ದುಡ್ಡಿನ ಠೇವಣಿಯ ಬಡ್ಡಿಗೆ ಇಲ್ಲ. ಹಿರಿಯರಿಗೆ 2025ರ ಏಪ್ರಿಲ್‌ನಿಂದ ವರ್ಷದ ಬಡ್ಡಿ 1 ಲಕ್ಷ ದಾಟಿದರೆ ಮಾತ್ರ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ. ಪಾನ್ ಕಾರ್ಡ್ ಕೊಟ್ಟಿರಬೇಕು.

ಮನೆಯ ಹೆಂಗಸರ ಹೆಸರು ಎಲ್ಲಿದೆ ನೋಡಿ. ಜಾಗ ಯಜಮಾನರ ಹೆಸರಲ್ಲಿ, ಅಡಿಕೆ ಬಿಲ್ಲು ಅವರದ್ದೇ, ಪಾಸ್‌ಬುಕ್ ಎಲ್ಲಿದೆ ಎಂದು ಹೆಂಡತಿಗೆ ಗೊತ್ತಿಲ್ಲ. ಅಂಚೆಯ ಹಿರಿಯರ ಖಾತೆಯನ್ನು ಗಂಡಹೆಂಡತಿ ಜಂಟಿಯಾಗಿ ತೆರೆಯಬಹುದು. ಆಕೆಗೂ 60 ಆಗಿದ್ದರೆ ಬೇರೆಯೇ ತೆರೆಯಬಹುದು. ಆರು ಲಕ್ಷ ಇದ್ದರೆ ಮೂರು ಮೂರು ಮಾಡಿ. ನಾಮನಿರ್ದೇಶನ ತಪ್ಪದೆ ಬರೆಸಿ, ಹಳೆಯ ಖಾತೆಗಳಲ್ಲಿ ತೀರಿಹೋದ ಅಪ್ಪನ ಹೆಸರೇ ಉಳಿದಿರುತ್ತದೆ. ಮೂರು ತಿಂಗಳಿಗೊಮ್ಮೆ ಅಂಚೆ ಕಚೇರಿಗೆ ಇಬ್ಬರೂ ಒಟ್ಟಿಗೇ ಹೋಗಿ. ಫಾರ್ಮು ತುಂಬುವುದು ಆಕೆಗೂ ಅಭ್ಯಾಸವಾಗಲಿ.